ಹಿಂದಿನ ಬಲಗಾಲಿ

ಬಲಗಡೆಯ ಗಾಲಿಯ ನಡುವಿನ ನಟ್ಟನ್ನು ಉಲ್ಟಾ ಹೊಡೆದು ಬಿಚ್ಚಬೇಕೆಂಬುದು ಶಾಂತಪ್ಪನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗುವ ಮೊದಲೇ ಅಂಗಳಕ್ಕಿಳಿದವನು ಎಷ್ಟೋ ಹೊತ್ತು ಅದನ್ನು ಬಿಗಿಯಾಗುವ ಕಡೆಗೇ ಹೊಡೆಯುತ್ತ ನಿಂತಿದ್ದ. ಒಂದೊಂದು ಹೊಡೆತಕ್ಕೂ ಮೋಟಾರುಗಾಡಿಯ ಮೈಯೆಲ್ಲ ನಡುಗುತ್ತಿತ್ತು. ತಪ್ಪು ತಿಳಿದಾಗ ಅವನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬದಲಿಗೆ, ಇಷ್ಟು ಹೊತ್ತಂತೂ ಹೋಯಿತಲ್ಲ ಎಂಬ ಸಣ್ಣ ಸಮಾಧಾನವೊಂದು ಒಳಗೆ ಎಲ್ಲಿಯೋ ಸುಳಿಯಿತು. ಅದನ್ನು ಗುರುತಿಸಿ ಅವನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಇವತ್ತು ಸೋಮವಾರ. ಹೊತ್ತು ಮುಳುಗುವುದರೊಳಗೆ ನಾರಾಯಣಖೇಡಕ್ಕೆ ಹೋಗಿ ಹೆಂಡತಿಯನ್ನು ಕರೆಯಬೇಕು. ಇವತ್ತು ಹೋಗದಿದ್ದರೆ ಮುಂದೆ ಹೋಗುವ ಕಾರಣವೇ ಉಳಿಯುವುದಿಲ್ಲ.

ಹಾಗೆಂದು ಹೇಳಿಹೋದವನು ಹೆಂಡತಿ ರುಕ್ಮಿಣಿಬಾಯಿಯ ಅಣ್ಣ ಬಂಡೆಪ್ಪ. ಹೋದ ಸೋಮವಾರ ಜಹೀರಾಬಾದಿನ ಈ ಮನೆಗೆ ಬಂದವನು ಪಡಸಾಲೆಯಲ್ಲಿ ಕೂಡದೆ, ಕೊಟ್ಟ ನೀರು ಮುಟ್ಟದೆ, ಕಂಬ ಹಿಡಿದು ನಿಂತೇ ಮಾತಾಡಿದ್ದ. ದನಿ ಏರಿಸಲಿಲ್ಲ. ಏರಿಸಿದ್ದರೆ ಶಾಂತಪ್ಪನೂ ಏರಿಸಬಹುದಿತ್ತು, ಜಗಳವಾಗಬಹುದಿತ್ತು, ಜಗಳದಲ್ಲಿ ಯಾರದು ತಪ್ಪು ಎನ್ನುವುದು ಕಲಸಿಹೋಗಬಹುದಿತ್ತು. "ಶಾಂತಪ್ಪನೋರ, ಹೆರಿಗಿಗೆ ಅಂತ ಹೊಂಟಾಕಿ ನನ್ನ ತಂಗಿ. ಕೂಸು ಹೋತು, ಅದು ಶಿವನ ಇಚ್ಛಾ, ಅದಕ್ಕ ಯಾರೇನು ಮಾಡಾಕ ಬರ್ತದ. ಆದ್ರ ಬ್ಯಾಸಗಿ ಹೋಗಿ, ಮಳಿಗಾಲ ಹೋಗಿ, ತೊಗರಿ ಹೂ ಬಿಡಾಕತ್ತಾವ. ನೀವು ಒಂದ್ ದಿನ ಬಂದು ಆಕಿನ ಮಾರಿ ನೋಡಲಿಲ್ಲ. ಬರೋ ಸೋಮವಾರದ ತನಕ ದಾರಿ ನೋಡ್ತೀವ್ರಿ. ಬಂದ್ರ ಸಂತೋಷ. ಬರಲಿಲ್ಲಂದ್ರ ಐನೋರ ಮುಂದ ಕುಂತು ಬಿಡುಗಡಿ ಮಾಡ್ಕೊಳ್ಳೋಣು. ಆಕಿ ಇನ್ನಾ ಸಣ್ಣಾಕಿ." ಅಷ್ಟೇ ಹೇಳಿ ಅವನು ಬಸ್ಸಿಗೆ ಹೊರಟುಬಿಟ್ಟ. ಅವರ ಪೈಕಿ ತವರಿಗೆ ಹೋದ ಹೆಣ್ಣು ಕರೆಯಲು ಯಾರೂ ಬಾರದೆ ತಾನಾಗಿ ಗಂಡನ ಮನೆಗೆ ಬರುವಂತಿರಲಿಲ್ಲ. ಗಂಡ ಬರಬೇಕು, ತಾಯಿ ಉಡಿ ತುಂಬಬೇಕು, ಆಗಲೇ ಅವಳು ತವರಿನ ಹೊಸ್ತಿಲು ದಾಟುವುದು. ಕರೆಯದೆ ಬಂದರೆ ತವರಿಗೆ ಬೇಡಾಗಿ ಬಿದ್ದು ಬಂದಳು ಎಂದು ಮಂದಿ ಸಾಯುವತನಕ ಆಡಿಕೊಳ್ಳುತ್ತಾರೆ. ರುಕ್ಮಿಣಿ ಅಷ್ಟು ತಿಂಗಳು ಆ ಹೊಸ್ತಿಲ ಒಳಗೆ ಕೂತಿದ್ದಳು. ಇವನು ಹೊರಗೆ, ಎಲ್ಲಿಯೂ ಅಲ್ಲದ ಕಡೆ, ಕೂತಿದ್ದ.

ಅವ್ವ ಶಕುಂತಲಾಬಾಯಿ ಕಟ್ಟೆಗೆ ಬಂದು ನಿಂತಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಮೆತ್ತಿಕೊಂಡಿತ್ತು. ಸೊಸೆ ಬರುತ್ತಾಳೆಂದು ಬೆಳಗಿನಿಂದ ಒಲೆ ಆರಿರಲಿಲ್ಲ. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಗೋಧಿ ಹುಗ್ಗಿ ಕುದಿಯುವ ವಾಸನೆ ಅಂಗಳದವರೆಗೆ ಬರುತ್ತಿತ್ತು.

"ಖೇಡದಿಂದ ಬರೋ ಬಸ್ಸು ಮಧ್ಯಾನ ಹೊಳ್ಳಿ ಹೋಗ್ತದಲ್ಲೋ ಶಾಂತಪ್ಪಾ. ಅದಕ್ಕ ಕುಂದ್ರು. ಗಾಲಿ ನಾಳಿ ಮಾಡ್ಕೊಳ್ಳುವಂತಿ."

"ಮೋಟಾರದಾಗ ಒಯ್ದೀನಿ ಅವ್ವಾ, ಮೋಟಾರದಾಗೇ ಕರ್ಕೊಂಡು ಬರ್ತೀನಿ. ನಾಕು ಮಂದಿ ನೋಡ್ಲಿ."

ಒಯ್ದೀನಿ ಎಂದ ಮೇಲೆ ಅವನು ತಲೆ ಎತ್ತಲಿಲ್ಲ. ಮೋಟಾರಿನಲ್ಲಿ ಅವನು ಒಯ್ದದ್ದು ಅರ್ಧ ದಾರಿ. ಉಳಿದರ್ಧ ಅವಳು ಹೋದದ್ದು ಕುರುಬರ ಪೀರಪ್ಪನ ಚಕ್ಕಡಿಯಲ್ಲಿ, ಜೋಳದ ಸೊಪ್ಪೆಯ ಮೇಲೆ ಮಲಗಿಕೊಂಡು. ಅದು ಅವ್ವನಿಗೂ ಗೊತ್ತು, ಊರಿಗೂ ಗೊತ್ತು. ಅವ್ವ ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತ ಒಳಗೆ ಹೋದಳು. ಹೆತ್ತವರು ಸುಮ್ಮನಾಗುವುದು ಬಯ್ಯುವುದಕ್ಕಿಂತ ಕೆಟ್ಟದ್ದು ಎಂದು ಶಾಂತಪ್ಪನಿಗೆ ಅನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಒಮ್ಮೆ ಅಂದುಬಿಟ್ಟಿದ್ದರೆ ಎದೆ ಹಗುರಾಗುತ್ತಿತ್ತು.

ಈ ಮೋಟಾರನ್ನು ಹತ್ತಿರದ ಜಾಗೀರದಾರರ ಮಗ ವಿಲಾಯತಿಯಿಂದ ತರಿಸಿದ್ದ. ಎರಡೇ ಆಸನ, ಮೇಲೆ ಮುಚ್ಚಿಗೆಯಿಲ್ಲ, ಉದ್ದ ಮೂಗು, ಸೈಕಲ್ಲಿನಂತೆ ಕಡ್ಡಿಗಳ ಗಾಲಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಶರ್ಯತ್ತಿಗೆ ಓಡಿಸುವಂಥದು. ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ನು ಬಂದ ಮೇಲೆ ಆ ಹುಡುಗನಿಗೆ ಅದರ ಮೇಲಿನ ಮೋಹ ಹೋಯಿತು. ಹವೇಲಿಯ ನೆಲಕ್ಕೆ ತಾಂಡೂರಿನ ಫರಸಿಕಲ್ಲು ಹಾಕಿಸಿಕೊಡಲು ಹೋಗಿದ್ದ ಶಾಂತಪ್ಪನಿಗೆ ಅದೇ ಮೋಹ ಹತ್ತಿತು, ಕೊಂಡು ತಂದ. ಕಲ್ಲಿನ ವ್ಯಾಪಾರಿಗೆ ಚಕ್ಕಡಿ ಬೇಕು, ಲಾರಿ ಬೇಕು. ಎರಡಾಸನದ ಕೆಂಪು ಮೋಟಾರು ಯಾಕೆ ಎಂದು ಕೇಳದವರಿಲ್ಲ. ಅವನಿಗೆ ಬೇಕಾದದ್ದು ಇಷ್ಟೇ: ಬಜಾರದಲ್ಲಿ ಹೋಗುವಾಗ ಮಂದಿ ಹಿಂತಿರುಗಿ ನೋಡಬೇಕು, ಪಕ್ಕದಲ್ಲಿ ರುಕ್ಮಿಣಿ ಕೂತಿರಬೇಕು. ಕೂತಿದ್ದಳು ಕೂಡ. ಮೊದಲ ಸಲ ಕೂತಾಗ ಗಾಳಿಗೆ ಸೆರಗು ಹಾರಿ, ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕಚ್ಚಿಕೊಂಡೇ ನಕ್ಕಿದ್ದಳು. "ನಿಲ್ಲಸ್ರೀ, ಜೀವ ಹೋಗಾಕತ್ತದ" ಅನ್ನುತ್ತಿದ್ದಳು, ನಿಲ್ಲಿಸಿದರೆ "ಯಾಕ್ ನಿಲ್ಲಿಸಿದ್ರಿ?" ಅನ್ನುತ್ತಿದ್ದಳು. ಆ ನಗೆ ಅವನ ಕಿವಿಯಲ್ಲಿ ಇನ್ನೂ ಇದೆ. ಆದರೆ ಈಗ ಅದನ್ನು ನೆನೆಯಹೊರಟರೆ ನಗೆಯ ಹಿಂದೆಯೇ ಇನ್ನೊಂದು ದನಿ ಬರುತ್ತದೆ. ಅದಕ್ಕೇ ಅವನು ನೆನೆಯುವುದನ್ನೇ ಬಿಟ್ಟಿದ್ದ. ಸುಖವನ್ನು ಕೂಡ ನೆನೆಯಲಾರದವನಿಗೆ ಇನ್ನೇನು ಉಳಿಯಿತು?

ನಟ್ಟು ಕೊನೆಗೂ ಸಡಿಲಾಯಿತು. ಜಾಕು ಏರಿಸಿ, ಅಚ್ಚಿನ ಕೆಳಗೆ ಒಡೆದ ಫರಸಿಕಲ್ಲುಗಳನ್ನು ಒಟ್ಟಿ, ಗಾಲಿಯನ್ನು ಎಳೆದು ಗೋಡೆಗೆ ಆನಿಸಿದ. ಬ್ರೇಕಿನ ಡ್ರಮ್ಮು ತೆಗೆದ. ಒಳಗಿನ ದೊಡ್ಡ ನಟ್ಟಿಗೆ ಚುಚ್ಚಿದ ಪಿನ್ನನ್ನು ನೇರ ಮಾಡಿ ಎಳೆದ. ಗಾಲಿಯ ಗುಂಬ, ಅಂದರೆ ಅಚ್ಚಿನ ಮೇಲೆ ತಿರುಗುವ ನಡುಭಾಗ, ಸುಟ್ಟು ಅಚ್ಚಿಗೇ ಅಂಟಿಕೊಂಡಿತ್ತು. ಎರಡೂ ಕಡೆ ಕಬ್ಬಿಣದ ಸಲಾಕಿ ಕೊಟ್ಟು ಮೀಟಿದಾಗ ಅದು ಕೀರಿಟ್ಟು, ಇಷ್ಟಿಷ್ಟೇ ಜರುಗಿ, ಒಮ್ಮೆಲೆ ಅವನ ಎದೆಗೆ ಬಂದು ಬಿತ್ತು. ತಿರುಗಿಸಿ ನೋಡಿದ. ಬೇರಿಂಗು ಅನ್ನುವುದು ಅಲ್ಲಿ ಇರಲಿಲ್ಲ. ನುಣ್ಣಗಿರಬೇಕಾದ ಗುಂಡುಗಳು ಹುಳುಕು ಹಲ್ಲಿನಂತೆ ಮುಕ್ಕಾಗಿ, ಕರಿ ರಾಡಿಯಲ್ಲಿ ಹುದುಗಿ ಕೂತಿದ್ದವು. ಬೆರಳಿಂದ ತೆಗೆದು ಉಜ್ಜಿದ. ಚರಚರ ಎಂದಿತು. ಬೂದಿ.

ಕೀಲೆಣ್ಣೆಯ ಬೂದಿ. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಚಕ್ಕಡಿಯ ಅಚ್ಚಿಗೆ ಹಚ್ಚುವುದು ಅವನ ಅಜ್ಜನ ಕಾಲದಿಂದ ಬಂದದ್ದು. ಪ್ರತಿ ಚಕ್ಕಡಿಯ ಕೆಳಗೂ ಕೀಲೆಣ್ಣೆಯ ಕೊಳವೆ ತೂಗುತ್ತದೆ. ಕಟ್ಟಿಗೆ ಗಾಲಿಗೆ ಅದು ಅಮೃತ. ರುಕ್ಮಿಣಿಯನ್ನು ತವರಿಗೆ ಬಿಡಲು ಹೊರಡುವ ಹಿಂದಿನ ದಿನ ಈ ಗಾಲಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಗ್ರೀಸು ಹಾಕಬೇಕು ಎಂದು ಅವನಿಗೆ ಗೊತ್ತಿತ್ತು. ಗ್ರೀಸಿನ ಡಬ್ಬಿಯೂ ಇತ್ತು. ಆದರೆ ಅದರೊಳಗೆ ಪ್ರಾಣಿಯ ಕೊಬ್ಬು ಕಲಸಿರುತ್ತಾರಂತೆ ಎಂದು ಯಾರೋ ಅವ್ವನ ಕಿವಿಗೆ ಹಾಕಿದ್ದರು. "ಲಿಂಗಪೂಜಿ ಮಾಡೋ ಮನಿ. ಆ ಕೊಬ್ಬು ಅಂಗಳದಾಗ ಬರಬಾರದು ನೋಡು" ಎಂದಳು ಅವ್ವ. ಶಾಂತಪ್ಪ ನಕ್ಕ. ನಕ್ಕರೂ ಡಬ್ಬಿಯನ್ನು ಗೋಡೆಯಾಚೆ, ಓಣಿಯ ಬದಿಯ ಗೂಡಿನಲ್ಲಿಟ್ಟ. ಹೋಗಿ ತರುವುದು ಬೇಜಾರು, ತಂದರೆ ಅವ್ವನ ಬಾಯಿ ಬೇಜಾರು. ಎದುರಿಗೇ ಚಕ್ಕಡಿ ನಿಂತಿತ್ತು, ಅದರ ಕೊಳವೆ ತುಂಬಿತ್ತು. ಗಾಲಿ ಅಂದ ಮೇಲೆ ಗಾಲಿ, ಎಣ್ಣೆ ಅಂದ ಮೇಲೆ ಎಣ್ಣೆ ಎಂದುಕೊಂಡು ಗುಂಬದೊಳಗೆ ಮೂರು ಬೆರಳಿನಿಂದ ಕೀಲೆಣ್ಣೆ ತುಂಬಿದ. ಅವ್ವನಿಗೆ ತೋರಿಸಿ, "ನಿನ್ನ ಮಡಿನೂ ಉಳೀತು, ನನ್ನ ಗಾಲಿನೂ ಉಳೀತು" ಎಂದು ಚೇಷ್ಟೆ ಬೇರೆ ಮಾಡಿದ. ಅವ್ವ ನಕ್ಕಳು. ಕಟ್ಟೆಯ ಮೇಲೆ ಹೊಟ್ಟೆಗೆ ಕೈ ಆನಿಸಿ ಕೂತಿದ್ದ ರುಕ್ಮಿಣಿಯೂ ನಕ್ಕಳು. ಎಲ್ಲರೂ ನಕ್ಕಿದ್ದರು ಎಂಬುದೇ ಈಗ ತಡೆದುಕೊಳ್ಳಲಾಗದ ಸಂಗತಿ.

ಆದರೆ ಬೂದಿಯದಲ್ಲ ತಪ್ಪು. ಇದು ಅವನಿಗೆ ಮೊದಲ ದಿನದಿಂದ ಗೊತ್ತು. ಊರವರು "ಏನಾತ್ರೀ ಶಾಂತಪ್ಪನೋರ?" ಎಂದು ಕೇಳಿದಾಗಲೆಲ್ಲ ಅವನು "ಬೇರಿಂಗು ಹೋತ್ರಿ" ಎಂದು ಹೇಳಿದ. ಕೇಳಿದವರು ಅಯ್ಯೋ ಎಂದರು. ಯುದ್ಧದ ಕಾಲ, ಸಾಮಾನು ಸಿಗೋದಿಲ್ಲ ಎಂದರು. ಮೋಟಾರನ್ನು ಎರಡು ಎತ್ತು ಕಟ್ಟಿ ಎಳೆಸಿ ತಂದ ದಿನ ಬಜಾರದಲ್ಲಿ "ಎತ್ತಿನ ಮೋಟಾರು ಬಂತ್ರಪ್ಪೋ" ಎಂದು ನಕ್ಕವರಿದ್ದರು. ಆ ನಗೆ ಅವನಿಗೆ ತಂಪಾಗಿಯೇ ಅನ್ನಿಸಿತ್ತು. ಮೋಟಾರು ಕೆಟ್ಟದ್ದಕ್ಕೆ ನಗಲಿ, ಅದೊಂದಕ್ಕೇ ನಗಲಿ. ತಾಂಡೂರಿನ ಕಲ್ಲಿನ ಸಾಹುಕಾರರ ಕೈಯಿಂದ ಮುಂಬಯಿಗೆ ಬರೆಸಿ ತರಿಸಿದ ಬೇರಿಂಗು ಎಂದೋ ಬಂದಿತ್ತು. ಬಂದಿದೆ ಎಂದು ಹೇಳಿಕಳಿಸಿದರು. ಕಲ್ಲು ತರಲು ತಾಂಡೂರಿಗೆ ಹೋದಾಗಲೆಲ್ಲ ಸಾಹುಕಾರರ ಅಂಗಡಿ ತಪ್ಪಿಸಿ ಬೇರೆ ಓಣಿಯಲ್ಲಿ ಸುತ್ತುಹಾಕಿ ಬಂದ. ಬೇರಿಂಗು ಬಂದಿಲ್ಲ, ಆದ್ದರಿಂದ ಮೋಟಾರು ನಡೆಯುವುದಿಲ್ಲ, ಆದ್ದರಿಂದ ನಾರಾಯಣಖೇಡಕ್ಕೆ ಹೋಗಲಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ದಿನಾ ಬಸ್ಸು ಮನೆಯ ಹಿಂದಿನ ರಸ್ತೆಯಲ್ಲಿ ಹಾರನ್ನು ಹೊಡೆದು ಹೋಗುತ್ತಿತ್ತು. ಅದಕ್ಕೆ ಕಿವಿ ಕಿವುಡು ಮಾಡಿಕೊಳ್ಳುವುದನ್ನೂ ಕಲಿತ.

ರುಕ್ಮಿಣಿಯನ್ನು ತವರಿಗೆ ಕರೆದೊಯ್ದ ಆ ದಿನ ಬಿಸಿಲು ಇಳಿಯತೊಡಗಿತ್ತು. ನ್ಯಾಲ್ಕಲ್ ಊರು ದಾಟಿ ಬಹಳ ದೂರ ಬಂದಿದ್ದರು. ದಾರಿಯ ಕುಲುಕಾಟಕ್ಕೋ ಏನೋ ರುಕ್ಮಿಣಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಅವಳು ಮೊದಲು ಹೇಳಲಿಲ್ಲ, ಬಾಗಿಲಿನ ಅಂಚನ್ನು ಹಿಡಿದುಕೊಂಡಳು. ಇವನು ಇನ್ನಷ್ಟು ಜೋರಾಗಿ ಓಡಿಸಿದ. ಆಗ ಹಿಂದೆ ಬಲಕ್ಕೆ ಏನೋ ಅರಚಿತು, ಸುಟ್ಟ ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು, ಮೋಟಾರು ಕುಂಟಿ ಅಡ್ಡ ತಿರುಗಿ ನಿಂತಿತು. ಕುರಿ ಹಟ್ಟಿಗೆ ಮರಳುತ್ತಿದ್ದ ಪೀರಪ್ಪ ದೂರದಿಂದಲೇ ನೋಡಿ, ಹಟ್ಟಿಗೆ ಓಡಿ, ಚಕ್ಕಡಿ ಹೂಡಿಕೊಂಡು ಬಂದ. ಜೊತೆಗೆ ಅವನ ಹೆಂಡತಿ ಭೀಮವ್ವ. ಭೀಮವ್ವ ರುಕ್ಮಿಣಿಯನ್ನು ತಬ್ಬಿ ಎತ್ತಿ ಚಕ್ಕಡಿಯಲ್ಲಿ ಮಲಗಿಸಿದಳು, ಮೇಲೆ ಕಂಬಳಿ ಹೊದಿಸಿದಳು. ಚಕ್ಕಡಿಯಲ್ಲಿ ಜಾಗವಿತ್ತು. ಇನ್ನಿಬ್ಬರು ಕೂಡುವಷ್ಟು ಜಾಗವಿತ್ತು. ರುಕ್ಮಿಣಿ ಮಲಗಿದಲ್ಲಿಂದಲೇ ಕೈ ಚಾಚಿದಳು. "ಬರ್ರಿ" ಎಂದಳು. "ನೀ ನಡಿ, ಗಾಲಿ ಹಾಕ್ಕೊಂಡು ಹಿಂದೇ ಬರ್ತೀನಿ" ಎಂದ ಶಾಂತಪ್ಪ. ಗಾಲಿ ಹಾಕಲಾಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. "ಸಾಮಾನು ಯಾರೂ ಒಯ್ಯಂಗಿಲ್ರಿ ಯಜಮಾನ್ರ, ಹತ್ತ್ರಿ" ಎಂದ ಪೀರಪ್ಪ. ಭೀಮವ್ವ ಅವನ ಮುಖ ನೋಡಿ, ಎತ್ತಿನ ಬಾಲ ತಿರುವಿದಳು.

ಯಾಕೆ ಹತ್ತಲಿಲ್ಲ? ಎಷ್ಟೋ ಕಾರಣಗಳನ್ನು ಅವನು ಹೊಲಿದು ಹೊಲಿದು ನೋಡಿದ್ದ. ಮೋಟಾರನ್ನು ರಸ್ತೆಯಲ್ಲಿ ಬಿಡಬಾರದಿತ್ತು. ಹೆರಿಗೆಯ ಕಡೆ ಗಂಡಸರಿಗೇನು ಕೆಲಸ. ಒಂದೂ ಮೈಗೆ ಕೂಡಲಿಲ್ಲ. ನಿಜವಾಗಿ ಅವನಿಗೆ ಹೆದರಿಕೆಯಾಗಿತ್ತು. ಅವಳ ಮುಖ ಅವಳ ಮುಖದಂತಿರಲಿಲ್ಲ. ಬಾಯಿ ತೆರೆದು ಅವಳು ಮಾಡುತ್ತಿದ್ದ ಸದ್ದು ಅವನಿಗೆ ಗೊತ್ತಿದ್ದ ಯಾವ ಸದ್ದೂ ಆಗಿರಲಿಲ್ಲ. ಚಾಚಿದ ಆ ಕೈ ಹಿಡಿದರೆ ತನ್ನನ್ನೂ ಆ ಸದ್ದಿನೊಳಗೆ ಎಳೆದುಕೊಂಡುಬಿಡುತ್ತದೆ ಅನ್ನಿಸಿತ್ತು. ಮೋಟಾರಿನ ಹತ್ತಿರ ನಿಂತರೆ, ಏನು ಕೆಟ್ಟಿದೆ ಎಂಬುದಾದರೂ ತಿಳಿದಿತ್ತು. ಹೆದರಿಕೆ ಎಲ್ಲರಿಗೂ ಆಗುತ್ತದೆ, ಅದೂ ದೊಡ್ಡ ಮಾತಲ್ಲ. ಆಮೇಲೆ ಮಾಡಿದ್ದನ್ನು ಅವನು ಯಾರಿಗೂ ಹೇಳಿಲ್ಲ. ಚಕ್ಕಡಿ ದಿಬ್ಬದಾಚೆ ಇಳಿದ ಮೇಲೆ ಅವನು ಕುಡಿಯುವ ನೀರಿನ ಚರಿಗೆ ತೆಗೆದುಕೊಂಡು, ರುಕ್ಮಿಣಿ ಕೂತಿದ್ದ ಕಡೆ ಒದ್ದೆಯಾಗಿದ್ದ ಚರ್ಮದ ಆಸನವನ್ನು ತೊಳೆದ. ಕಲೆ ಉಳಿದೀತೆಂದು. ಪಂಜೆಯ ತುದಿಯಿಂದ ಉಜ್ಜಿ ಉಜ್ಜಿ ತೊಳೆದ. ಹಟ್ಟಿಯಲ್ಲಿ, ಕುರಿಗಳ ನಡುವೆ, ಅವಳು ಉಸಿರಿಲ್ಲದ ಹೆಣ್ಣುಕೂಸನ್ನು ಹೆತ್ತದ್ದು ಅದೇ ಹೊತ್ತಿಗೆ ಇರಬೇಕು. ಅವನು ನಡೆದುಕೊಂಡು ಹಟ್ಟಿ ಮುಟ್ಟಿದಾಗ ಪೀರಪ್ಪ ಬನ್ನಿಗಿಡದ ಹತ್ತಿರ ಕುಣಿ ತೋಡಿ ಕಾದಿದ್ದ. "ತಂದಿ ಕೈಲೆ ಮಣ್ಣು ಬೀಳ್ಲಿ ಅಂತ ನಿಂತೀನ್ರಿ" ಎಂದ. ಶಾಂತಪ್ಪ ಮಣ್ಣು ಹಾಕಿದ. ಕೈ ಕರ್ರಗಿತ್ತು. ಹಟ್ಟಿಯ ಒಳಗೆ ಹೋಗಲಿಲ್ಲ. ಬೆಳಿಗ್ಗೆ ಪೀರಪ್ಪನೇ ಅವಳನ್ನು ನಾರಾಯಣಖೇಡಕ್ಕೆ ಮುಟ್ಟಿಸುತ್ತೇನೆಂದಾಗ ತಲೆಯಾಡಿಸಿ, ಮೋಟಾರಿಗೆ ಎತ್ತು ಹುಡುಕಲು ಹೋದ.

"ನೀರು ಕುದಿಯಾಕತ್ತದ. ಏನೋ ಮುಳುಗಸ್ತೀನಿ ಅಂದಿದ್ಯಲ್ಲ" ಎಂದಳು ಅವ್ವ. ಅವಳು ಎಷ್ಟು ಹೊತ್ತಿನಿಂದ ಹಿಂದೆ ನಿಂತಿದ್ದಳೋ. ಶಾಂತಪ್ಪ ಗುಂಬವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತಂತಿ ಕಟ್ಟಿ ಕುದಿಯುವ ನೀರಿಗಿಳಿಸಿದ. ಕಾದ ಕಬ್ಬಿಣ ಕೂದಲೆಳೆಯಷ್ಟು ಹಿಗ್ಗುತ್ತದೆ, ಆಗ ಹೊಸ ಬೇರಿಂಗು ತಾನಾಗಿ ಒಳಗೆ ಕೂಡುತ್ತದೆ. ಬಂಡೆಪ್ಪ ಬಂದುಹೋದ ಮೇಲೆ ತಾಂಡೂರಿನಿಂದ ಕಡೆಗೂ ತಂದಿದ್ದ ಬೇರಿಂಗನ್ನು ಎಣ್ಣೆಕಾಗದ ಬಿಚ್ಚಿ ಹೊರತೆಗೆದ. ಬೆರಳಲ್ಲಿ ತಿರುಗಿಸಿದ. ಎಂಥ ನುಣುಪು. ಒಂದಿಷ್ಟೂ ಸದ್ದಿಲ್ಲ. ಇಷ್ಟು ಸರಿಯಾದ ಒಂದು ವಸ್ತುವಿನ ಮುಂದೆ ಕೂಡುವ ಯೋಗ್ಯತೆ ತನಗಿಲ್ಲ ಅನ್ನಿಸಿತು. ಇನ್ನು ಗ್ರೀಸು ಬೇಕು. ಗೂಡಿನಿಂದ ತರಲು ಓಣಿಗೆ ಹೋಗಬೇಕೆಂದು ಏಳುವಾಗ ಅವ್ವ ಅವನಿಗಿಂತ ಮೊದಲೇ ಹೋಗಿ ಓಣಿಯ ಬಾಗಿಲಿನಿಂದ ಬಂದಳು. ಕೈಯಲ್ಲಿ ಗ್ರೀಸಿನ ಡಬ್ಬಿ. ಬರಿಗೈಯಲ್ಲೇ ಹಿಡಿದುಕೊಂಡಿದ್ದಳು. ತಂದು ಅವನ ಮೊಣಕಾಲ ಹತ್ತಿರ ಇಟ್ಟಳು.

"ಅವ್ವಾ, ಮಡಿ..." ಎಂದ ಅವನು.

"ಆ ದಿನಾನೇ ನಾ ಸುಮ್ಮಿದ್ದಿದ್ರ ಕೂಸು ಉಳೀತಿತ್ತೇನೋ" ಎಂದಳು ಶಕುಂತಲಾಬಾಯಿ. ಅಳಲಿಲ್ಲ. "ಮಡಿ ಮಾಡಿ ಏನ್ ಉಳಿಸಿದೆ? ಹಚ್ಚು, ಲಗೂ ಹಚ್ಚು. ಆಕಿನ ಕರ್ಕೊಂಡು ಬಾ."

ಆಗಲೇ ಅವನು ಹೇಳಬೇಕಾಗಿತ್ತು. ಇಲ್ಲ ಅವ್ವಾ, ನಿನ್ನದಲ್ಲ ತಪ್ಪು, ಗಾಲಿ ಗಟ್ಟಿಯಾಗಿದ್ದರೂ ನೋವು ಬರುತ್ತಿತ್ತು, ಕೂಸು ಹೋಗುತ್ತಿತ್ತೋ ಏನೋ ಶಿವನಿಗೆ ಗೊತ್ತು. ಆದರೆ ಚಕ್ಕಡಿಯಲ್ಲಿ ಜಾಗವಿತ್ತು. ಇಷ್ಟು ಹೇಳಿದ್ದರೆ ಮುದುಕಿಯ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಅವನು ಹೇಳಲಿಲ್ಲ. ಅವಳು ಆ ಭಾರವನ್ನು ಹೊತ್ತುಕೊಂಡು ಒಳಗೆ ಹೋಗುವುದನ್ನು ನೋಡಿದ. ತನ್ನ ಪಾಲಿನದು ಅಷ್ಟು ಕಡಿಮೆಯಾಯಿತು ಎಂದು ಮನಸ್ಸು ಲೆಕ್ಕ ಹಾಕಿತು. ಇದಕ್ಕಿಂತ ಕೆಳಗೆ ಇಳಿಯಲು ಇನ್ನೂ ಮೆಟ್ಟಿಲಿವೆಯೇ ಎಂದು ಅಚ್ಚರಿಪಟ್ಟ. ಆಮೇಲೆ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಕಾದ ಗುಂಬದೊಳಗೆ ಬೇರಿಂಗು ಸದ್ದಿಲ್ಲದೆ ಜಾರಿ ಕೂತಿತು. ಹೆಬ್ಬೆರಳಿನಿಂದ ಗ್ರೀಸು ಒತ್ತಿ ಒತ್ತಿ ತುಂಬಿದ. ಅಚ್ಚಿಗೆ ಏರಿಸಿ, ಕಟ್ಟಿಗೆಯ ತುಂಡು ಅಡ್ಡ ಹಿಡಿದು ಹೊಡೆದು ಕೂಡಿಸಿ, ನಟ್ಟು ಬಿಗಿದು ಪಿನ್ನು ಚುಚ್ಚಿದ. ಡ್ರಮ್ಮು ಹಾಕಿದ. ಗಾಲಿ ಏರಿಸಿದ. ಎಲ್ಲವೂ ಒಂದು ಸಲಕ್ಕೇ ಸರಿಯಾಗಿ ಕೂತದ್ದು ಅವನಿಗೆ ಮೋಸದಂತೆ ಕಂಡಿತು. ಎಲ್ಲಿಯಾದರೂ ಒಂದು ಕಡೆ ನಟ್ಟಿನ ಥ್ರೆಡ್ಡು ಸವೆಯಬಾರದಿತ್ತೇ, ಏನಾದರೂ ಒಂದು ಒಡೆಯಬಾರದಿತ್ತೇ. ನೆತ್ತಿಯ ಮೇಲೆ ಬಿಸಿಲಿತ್ತು. ಹೊರಟರೆ ಈಗಲೂ ಹೊತ್ತಿರುವಾಗಲೇ ನಾರಾಯಣಖೇಡ ಮುಟ್ಟಬಹುದಿತ್ತು. ಉಳಿದದ್ದು ಕೆಳಗಿನ ಬ್ರೇಕಿನ ಸಲಾಕಿಗೆ ಒಂದು ನಟ್ಟು.

ಮನೆಯ ಹಿಂದಿನ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ಎದ್ದ ಶಾಂತಪ್ಪ ಗೋಡೆಯ ಮೇಲಿಂದ ಓಣಿಯ ಕಡೆ ಸುಮ್ಮನೆ ನೋಡಿದ. ಓಣಿಯ ತಿರುವಿನಲ್ಲಿ ಬಂಡೆಪ್ಪ ನಿಂತಿದ್ದ. ಅವನು ಅಲ್ಲೇ ನಿಂತ, ಮುಂದೆ ಬರಲಿಲ್ಲ. ಬಂದವಳು ರುಕ್ಮಿಣಿ. ತಲೆಯ ಮೇಲೆ ಸೆರಗು, ಕೈಯಲ್ಲಿ ಗಂಟಿಲ್ಲ, ಉಡಿಯಲ್ಲಿ ಅಕ್ಕಿಯಿಲ್ಲ. ಮನೆಗಳ ಕಟ್ಟೆಯ ಮೇಲೆ ಕೂತ ಹೆಂಗಸರು ಮಾತು ನಿಲ್ಲಿಸಿ ಅವಳನ್ನು ನೋಡುತ್ತಿದ್ದರು. ಅವಳು ಯಾರನ್ನೂ ನೋಡದೆ ನಡುದಾರಿಯಲ್ಲಿ ನೇರ ನಡೆದು ಬರುತ್ತಿದ್ದಳು. ಎಷ್ಟು ಇಳಿದುಹೋಗಿದ್ದಾಳೆ ಎಂದು ಅವನ ಜೀವ ಚುರ್ರೆಂದಿತು. ಓಡಿಹೋಗಿ ಬಾಗಿಲು ತೆರೆಯಬೇಕು ಅನ್ನಿಸಿತು. ಅನ್ನಿಸಿದ್ದು ನಿಜ. ಆದರೆ ಮೈ ಬೇರೆಯದೇ ಮಾಡಿತು: ಮಂಡಿಯೂರಿತು, ಅಂಗಾತ ಮಲಗಿತು, ಮೋಟಾರಿನ ಕೆಳಗೆ ಜಾರಿತು.

ಬಾಗಿಲು ಕಿರುಗುಟ್ಟಿತು. ಒಳಗಿನಿಂದ ಅವ್ವ "ಯವ್ವಾ ರುಕ್ಮಿಣೀ!" ಎಂದು ಕೂಗಿದ್ದು, ಓಡಿ ಬಂದದ್ದು, ಇಬ್ಬರೂ ಅಪ್ಪಿಕೊಂಡು ಬಿಕ್ಕಿದ್ದು ಅವನಿಗೆ ಕೇಳಿಸಿತು. ಕಾಣುತ್ತಿದ್ದದ್ದು ನೆಲದ ಹತ್ತಿರದ ಬೆಳಕಿನ ಪಟ್ಟಿಯೊಂದೇ. ಆ ಪಟ್ಟಿಯೊಳಗೆ ಎರಡು ಪಾದಗಳು ಬಂದು ನಿಂತವು. ಓಣಿಯ ಧೂಳು ಮೆತ್ತಿದ್ದವು. ಕಾಲುಂಗುರ ಸಡಿಲಾಗಿ ಜಾರದಂತೆ ದಾರ ಸುತ್ತಿದ್ದಳು.

"ನಾ ಬಂದೀನ್ರಿ" ಎಂದಳು ರುಕ್ಮಿಣಿ.

ಅವನು ನಟ್ಟಿಗೆ ಪಾನಾ ಹಚ್ಚಿದ.

"ಕರೀಲಿಲ್ಲಂದ್ರೂ ಬಂದೀನಿ. ಅವ್ವ ಉಡಿ ತುಂಬಲಿಲ್ಲ, ಅಣ್ಣ ಬ್ಯಾಡಂದ. ಒಂದ್ ಸಲ ನೋಡ್ತೀನಿ ಅಂತ ಹಟಾ ಮಾಡಿ ಕರ್ಕೊಂಡು ಬಂದೆ. ಅಣ್ಣ ಮೂಲ್ಯಾಗ ನಿಂತಾನ. ಬಸ್ಸು ಹೊಳ್ಳಿ ಹೋಗೋದ್ರಾಗ ನೀವು ಹೊರಗ ಬಂದ್ರ ನಾ ಇಲ್ಲೇ ಉಳೀತೀನ್ರಿ. ಮಂದಿ ಏನರ ಅನ್ಕೊಳ್ಳಿ."

"ಒಂದ್ ನಟ್ಟು ಉಳದದ" ಎಂದ ಶಾಂತಪ್ಪ. ಅದು ಅವನದೇ ದನಿ, ದಿನಾ ಮಾತಾಡುವ ದನಿ. "ಒಳಗ ಹೋಗಿ ನೀರು ಕುಡಿ. ಬಂದೆ."

ಪಾದಗಳು ಅಲ್ಲಾಡಲಿಲ್ಲ. ಅವಳು ಕುಕ್ಕರಗಾಲಿನಲ್ಲಿ ಕೂತಳು. ಸೀರೆಯ ಅಂಚು ಕಂಡಿತು, ಮೊಣಕಾಲ ಮೇಲೆ ಕೈ ಕಂಡಿತು, ಮುಖ ಕಾಣಲಿಲ್ಲ. ಅವನು ಕತ್ತು ಹೊರಳಿಸಿದ್ದರೆ ಕಾಣುತ್ತಿತ್ತು.

"ಆ ದಿನದ್ದು ಏನೂ ಕೇಳಂಗಿಲ್ರಿ" ಎಂದಳು ಅವಳು ಮೆಲ್ಲಗೆ, ಅತ್ತೆಗೆ ಕೇಳಿಸದಂತೆ. "ಸಾಯೋತನಾ ಕೇಳಂಗಿಲ್ಲ. ಕೂಸಿನ ಆಣಿ. ಹೊರಗ ಬಂದು ನನ್ನ ಮಾರಿ ನೋಡ್ರಿ, ಅಷ್ಟೇ ಸಾಕು."

ಅವಳು ಕೇಳುವುದಿಲ್ಲ ಎಂದದ್ದೇ ಅವನನ್ನು ಕೊಂದಿತು. ಕೇಳುತ್ತಾಳೆಂದು ಇಷ್ಟು ತಿಂಗಳು ಹೆದರಿದ್ದ; ಕೇಳದೆ, ಎಲ್ಲ ಗೊತ್ತಿದ್ದೂ, ಎದುರಿಗೆ ಕೂತು ರೊಟ್ಟಿ ಬಡಿಸುವ ಆ ಮುಖವನ್ನು ದಿನಾ ನೋಡುವುದು ಹೇಗೆ? ಹೊರಗೆ ಹೋಗುತ್ತೇನೆ ಎಂದುಕೊಂಡ. ಈ ಸುತ್ತು ಮುಗಿಯಲಿ, ಹೋಗುತ್ತೇನೆ. ನಟ್ಟು ಬಿಗಿಯಾಗಿತ್ತು. ಇನ್ನೊಂದು ಸುತ್ತು. ಬಾಯಿ ತೆರೆದ. "ಈ ಸಲಾಕಿ ಸರಿ ಕೂಡಲಾರದು ರುಕ್ಮಿ. ಹಿಂಗೇ ಬಿಟ್ರ ದಾರ್‍ಯಾಗ ಕೈ ಕೊಡ್ತದ" ಎಂದು ಹೇಳಿತು ಬಾಯಿ.

ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೂಗಿತು. ರುಕ್ಮಿಣಿ ಎದ್ದಳು. ಆಮೇಲೆ ಪಾದಗಳು ತಿರುಗಿ ಬೆಳಕಿನ ಪಟ್ಟಿಯಿಂದ ಆಚೆ ಹೋದವು. "ಬರ್ತೀನ್ರಿ ಅತ್ತಿ" ಎಂದದ್ದು ಕೇಳಿಸಿತು. "ಏ ಶಾಂತಪ್ಪಾ! ಹೊಂಟಾಳೋ! ಎದ್ದು ಬಾರೋ ಹೊರಗ!" ಎಂದು ಅವ್ವ ಬಾಯಿ ಬಡಿದುಕೊಂಡಳು. ಬಸ್ಸು ನಿಂತ ಜಾಗ ದೂರವೇನಿರಲಿಲ್ಲ. ಓಡಿದರೆ ಸಿಗುತ್ತಿತ್ತು. ಬಸ್ಸು ಇಂಜಿನು ಹಚ್ಚಿದ್ದು, ಗೇರು ಬದಲಿಸಿದ್ದು, ದಿಬ್ಬ ಏರುತ್ತ ಸಣ್ಣಗಾದದ್ದು, ಎಲ್ಲವನ್ನೂ ಅವನು ಅಂಗಾತ ಮಲಗಿಯೇ ಕೇಳಿದ. ಪಾನಾ ಇನ್ನೂ ತಿರುಗುತ್ತಿತ್ತು. ನಟ್ಟಿನ ಥ್ರೆಡ್ಡು ಯಾವಾಗಲೋ ಸವೆದುಹೋಗಿತ್ತು.

ಹೊರಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಅವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೂಗಿ ಕೂಗಿ ದನಿ ಹೋಗಿತ್ತು. ಅವಳ ಮುಖ ನೋಡಲಾರದೆ ಶಾಂತಪ್ಪ ಗಾಲಿಯ ಮೇಲೆ ಕೈಯಿಟ್ಟು ತಳ್ಳಿದ. ಗಾಲಿ ತಿರುಗಿತು. ಸದ್ದಿಲ್ಲದೆ, ಅಲುಗದೆ, ಬಹಳ ಹೊತ್ತು ತಿರುಗಿತು.

"ಆತೇನು?" ಎಂದಳು ಶಕುಂತಲಾಬಾಯಿ. ಆ ದನಿಯಲ್ಲಿ ಸಿಟ್ಟಿರಲಿಲ್ಲ.

"ಆತು ಅವ್ವಾ."

"ಆತಲ್ಲ. ಇನ್ನ ಎಲ್ಲಿಗೆ ಹೋಗ್ತೀ?"

ಅವನು ಗಾಲಿಯನ್ನು ಇನ್ನೊಮ್ಮೆ ತಳ್ಳಿದ. ಅವ್ವ ಎದ್ದು, ಹುಗ್ಗಿಯ ಒಲೆ ಆರಿಸಲು ಒಳಗೆ ಹೋದಳು.